ವೈಕಲ್ಯ ಇರುವುದು ಎಲ್ಲಿ?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕುರಿತ ಕನ್ನಡ ಬರಹಗಳನ್ನು ಓದುವಾಗಲೆಲ್ಲ ನಮಗೊಂದು ಕೊರತೆ ಕಾಣುತ್ತದೆ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಯಿಲ್ಲದವರು. ಅವರ ಬಾಳನ್ನು ನಮ್ಮ ಲೇಖಕರು ಬಹುಮಟ್ಟಿಗೆ ಪವಾಡವೆಂದೇ ಬಣ್ಣಿಸುತ್ತಾರೆ. ಭಕ್ತಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಪವಾಡವೆಂದೊಡನೆ ದುಡಿಮೆ ಮರೆಯಾಗುತ್ತದೆ. ಕಣ್ಣು ಕಾಣದ ಹುಡುಗನಿಗೆ ವಾದ್ಯದ ಮೇಲೆ ಸ್ವರಸ್ಥಾನವನ್ನು ಬೆರಳಿಗೇ ಕಲಿಸುವ ಬಗೆ, ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ ಕಷ್ಟ, ಬ್ರೈಲ್ ಲಿಪಿಯ ಬಳಕೆ, ಇವು ನಮ್ಮ ಚರಿತ್ರಕಾರರ ಲೇಖನಿಗೆ ಸಿಕ್ಕಿದ್ದು ಕಡಿಮೆ. ಸಮಾಜಕಾರ್ಯವೆಂದು ಇಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುವುದರ ತಿರುಳು ಅಲ್ಲಿತ್ತು. ಹಾಗೆಂದು ಅಲ್ಲಿಗೇ ನಿಲ್ಲಲಾಗದು. ಹಾಡು ಬಾರದ ಅಂಧ ಬಾಲಕ ಎಲ್ಲಿಗೆ ಹೋಗಬೇಕು? ಪ್ರತಿಭೆಯಿದ್ದವನಿಗೆ ಮಾತ್ರ ತೆರೆಯುವ ಬಾಗಿಲನ್ನು ಹಕ್ಕು ಎನ್ನಲಾಗದು.

ನಮ್ಮ ಮಾತುಗಳೂ ಈ ಗೊಂದಲವನ್ನೇ ಹೊತ್ತಿವೆ. ‘ಅಂಗವಿಕಲ’ ಎಂಬುದು ಊನವನ್ನು ಅಂಗದಲ್ಲಿ ಇರಿಸಿತ್ತು. ಅದು ಒರಟಾಯಿತೆಂದು ಕರ್ನಾಟಕದ ಕಡತಗಳಲ್ಲಿ ‘ವಿಕಲಚೇತನ’ ಬಂದಿತು. ಸಮಾಸವನ್ನು ಬಿಡಿಸಿ ನೋಡಿದರೆ ಊನ ಈಗ ಚೇತನಕ್ಕೇ ತಗುಲಿದೆ! ಗಡಿಯೀಚೆಗೂ ಕೇಳಿಬರುತ್ತಿರುವ ‘ದಿವ್ಯಾಂಗ’ವಾದರೋ ಮನುಷ್ಯನನ್ನು ಮತ್ತೆ ಪವಾಡದ ಪೀಠಕ್ಕೇರಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವುದೇ ಬೇರೆ: ದೇಹದ ಊನವು ಎದುರಿನ ಅಡೆತಡೆಗಳೊಡನೆ ಸಂಧಿಸಿದಾಗ ಸಮಾಜದಲ್ಲಿ ಸಮಾನವಾಗಿ ಪಾಲ್ಗೊಳ್ಳುವುದು ತಪ್ಪುತ್ತದೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21. ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಶೇ. 3ರಿಂದ ಶೇ. 4ಕ್ಕೆ ಏರಿದೆ.

ಮದ್ದೂರಿನ ಸುತ್ತಲ ಹಳ್ಳಿಗಳಲ್ಲಿ ಈ ಕಾಯ್ದೆ ಮುಖ ತೋರುವುದು ವೈಕಲ್ಯ ತಪಾಸಣೆಯ ಶಿಬಿರದ ಸರತಿಸಾಲಿನಲ್ಲಿ. ಶೇ. 40ರ ಪ್ರಮಾಣಪತ್ರ ದೊರೆತರೆ ಪಿಂಚಣಿಯ ಹಾದಿ ತೆರೆಯುತ್ತದೆ. 2023ರಲ್ಲಿ ಅದು ತಿಂಗಳಿಗೆ 4,016 ರೂಪಾಯಿಗೆ ಏರಿದ್ದು ಸಣ್ಣ ಸಂಗತಿಯಲ್ಲ. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಆದರೆ ಅಲ್ಲಿ ಅಳೆಯುವುದು ಕಾಲನ್ನು, ಕಿವಿಯನ್ನು. ಬಸ್ಸಿನ ಮೆಟ್ಟಿಲಿನ ಎತ್ತರವನ್ನು ಅಳೆಯುವವರಿಲ್ಲ. ಕನ್ನಡ ಮನೆಮಾತಿನವನಿಗೆ ತೆಲುಗಿನ ಅರ್ಜಿ ಇನ್ನೊಂದು ಮೆಟ್ಟಿಲು. ಭಾಷೆಯ ವಿಷಯದಲ್ಲಿ ‘ನಮಗೆ ಅನುಕೂಲ ಬೇಡ, ಹಕ್ಕು ಬೇಕು’ ಎಂದು ವಾದಿಸುವ ಗಡಿನಾಡ ಕನ್ನಡಿಗರಾದ ನಮಗೆ ಈ ವ್ಯತ್ಯಾಸ ಬೇಗ ತಿಳಿಯಬೇಕಿತ್ತು.

ತಿಳಿದಿರಲಿಲ್ಲ. ಹಿಂದೊಂದು ಕವಿಗೋಷ್ಠಿಗೆ ಗಾಲಿಕುರ್ಚಿಯ ಕವಿಯೊಬ್ಬರನ್ನು ಆಹ್ವಾನಿಸಿದ್ದೆವು. ವೇದಿಕೆಗೆ ಐದು ಮೆಟ್ಟಿಲು, ಇಳಿಜಾರು ಹಾದಿಯಿಲ್ಲ. ನಮ್ಮಲ್ಲಿ ನಾಲ್ವರು ಕುರ್ಚಿಯನ್ನೆತ್ತಿ ಮೇಲಿಟ್ಟೆವು. ಸಭೆ ಚಪ್ಪಾಳೆ ತಟ್ಟಿತು. ಅವರು ಕವಿತೆ ಓದಿ ಮುಗಿಸಿದಾಗ ಅಷ್ಟು ಚಪ್ಪಾಳೆ ಬೀಳಲಿಲ್ಲ. ಈ ಸಲ ಹಲಗೆಯ ಇಳಿಜಾರಿಗೆ ಬಡಗಿಯನ್ನು ಗೊತ್ತುಮಾಡಿದ್ದೇವೆ; ಆ ಕವಿಗೆ ಮತ್ತೆ ಕಾಗದವನ್ನೂ ಬರೆದಿದ್ದೇವೆ.