ಎಷ್ಟು ತಾಸು ಅಲ್ಲ, ಎಷ್ಟು ಹೊತ್ತು ಕೂತ

‘ಅಂವಾ ಇಪ್ಪತ್ನಾಕ್ ತಾಸ ಓಡ್ಯಾನಂತ!’ ಬೆಳಗಾವಿಯ ಹಿಂದವಾಡಿಯಿಂದ ವ್ಯಾಕ್ಸಿನ್ ಡಿಪೋ ಕಡೆ ಬೆಳಗಿನ ವಾಕಿಂಗ್ ಹೋಗುವವರ ಚಹಾದ ಮಾತಿನಲ್ಲಿ ಇದು ಬಂದರೆ ಎಲ್ಲರೂ ಹುಬ್ಬೇರಿಸುತ್ತಾರೆ. ಆದರೆ ಈ ಮಾತಿನಿಂದ ಏನೂ ತಿಳಿಯುವುದಿಲ್ಲ. 24 ತಾಸಿನ ಓಟದಲ್ಲಿ ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಸಿಗುವುದು ಅಷ್ಟೇ ತಾಸು. ಎಷ್ಟು ದೂರ ಹೋದ, ಎಷ್ಟು ಹೊತ್ತು ಕೂತ ಎಂದು ಕೇಳಬೇಕು.

2022ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಈ ಓಟದ ಏಷ್ಯಾ–ಓಷಿಯಾನಿಯಾ ಚಾಂಪಿಯನ್‌ಷಿಪ್ ನಡೆಯಿತು. ಅಮರ್ ಸಿಂಗ್ ದೇವಂದಾ 257.618 ಕಿ.ಮೀ. ಓಡಿ ಚಿನ್ನ ಗೆದ್ದರು. ಭಾರತದ ಪುರುಷರ ತಂಡಕ್ಕೂ ಚಿನ್ನ ಬಂತು. ಹಿಂದವಾಡಿಯಿಂದ ಖಾನಾಪುರಕ್ಕೆ ಹೆಚ್ಚುಕಡಿಮೆ ಐದು ಸಲ ಹೋಗಿ ಬಂದಷ್ಟು ದೂರ ಅದು. ಅದನ್ನು 400 ಮೀಟರಿನ ಟ್ರ್ಯಾಕಿನಲ್ಲಿ ಮುಗಿಸಬೇಕಾದರೆ 640ಕ್ಕೂ ಹೆಚ್ಚು ಸುತ್ತು ಹಾಕಬೇಕು. ಸರಾಸರಿ ವೇಗ ತಾಸಿಗೆ 10.7 ಕಿ.ಮೀ. ಇದೇನು ಮಹಾ, ರೂಢಿಯಿರುವ ಕಾಲೇಜು ಹುಡುಗ ಅರ್ಧ ತಾಸು ಈ ವೇಗದಲ್ಲಿ ಓಡಿಯಾನು. ರಾತ್ರಿ ಮೂರಕ್ಕೂ ಅದೇ ವೇಗ ಬಿಡದಿರುವುದು ಕಷ್ಟ. ಸಾಕ್ಸ್ ಬದಲಿಸಲು, ಗುಳ್ಳೆಗೆ ಪಟ್ಟಿ ಕಟ್ಟಲು, ಒಂದು ಗುಟುಕು ಚಹಾಕ್ಕೆ ಅಂತ ತಾಸಿಗೆ ಹತ್ತು ನಿಮಿಷ ಕೂತರೆ ದಿನಕ್ಕೆ ನಾಲ್ಕು ತಾಸು ಹೋಯಿತು. ಅಂದರೆ ಈ ವೇಗದಲ್ಲಿ 40 ಕಿ.ಮೀ.ಗೂ ಹೆಚ್ಚು. ಕುರ್ಚಿಯೇ ಇಲ್ಲಿ ದೊಡ್ಡ ಎದುರಾಳಿ.

ದೂರದ ಓಟ ಬೆಳಗಾವಿಗೆ ಹೊಸದಲ್ಲ. ಈ ಊರಿನ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 2 ತಾಸು 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿ 19ನೆಯವರಾದರು. ಅಂದಿನ ಹಾದಿ 42.75 ಕಿ.ಮೀ.; ವೇಗ ತಾಸಿಗೆ ಸುಮಾರು 15. ಲಿಥುವೇನಿಯಾದ ಅಲೆಕ್ಸಾಂಡರ್ ಸೊರೋಕಿನ್ 2022ರಲ್ಲಿ ವೆರೋನಾದಲ್ಲಿ ಹಗಲೂ ರಾತ್ರಿ ಸೇರಿ 319.614 ಕಿ.ಮೀ. ಓಡಿದರು, ತಾಸಿಗೆ 13.3. ಹೀಗೆ ಪಕ್ಕಪಕ್ಕ ಇಟ್ಟರೆ ಸೊರೋಕಿನ್ ದೊಡ್ಡವರಾಗಿ ಕಾಣುತ್ತಾರೆ. ಆದರೆ ನೂರು ವರ್ಷಗಳ ಅಂತರ, ಬೂಟು, ಆಹಾರ ಎಲ್ಲವನ್ನೂ ಮರೆತು ಮಾಡುವ ಹೋಲಿಕೆ ಇದು. ಆಟವೂ ಬೇರೆ. ಚೌಗುಲೆಯವರು ಜೋರಾಗಿ ಓಡಿದಷ್ಟೂ ಕಷ್ಟ ಬೇಗ ಮುಗಿಯುತ್ತಿತ್ತು. ಇಲ್ಲಿ ಎಷ್ಟೇ ಬೇಗ ಓಡಿದರೂ ಬೇಗ ಮನೆಗೆ ಹೋಗುವಂತಿಲ್ಲ. ಈ ಪ್ರಕಾರದ ಸೊಗಸೂ ಕ್ರೌರ್ಯವೂ ಇದೇ.

ಲೆಕ್ಕದ ಪ್ರಾಮಾಣಿಕತೆಯೂ ನನಗೆ ಮೆಚ್ಚುಗೆ. ಕಾಲಿನ ಚಿಪ್ ಪ್ರತಿ ಸುತ್ತನ್ನೂ ಎಣಿಸುತ್ತದೆ. ಕೊನೆಯ ಸೈರನ್ ಆದಾಗ ಓಟಗಾರ ಇದ್ದಲ್ಲೇ ತನ್ನ ಗುರುತು ಇಡಬೇಕು. ಪೂರ್ತಿಯಾಗದ ಸುತ್ತನ್ನು ಅಳತೆ ಚಕ್ರ ಉರುಳಿಸಿ ಸೇರಿಸುತ್ತಾರೆ. 257ರ ಮುಂದೆ .618 ಬರುವುದು ಹೀಗೆ. ಹೆದ್ದಾರಿಯಲ್ಲಿ ಬ್ಯಾನರ್ ಕಟ್ಟಿಕೊಂಡು, ಹಿಂದೆ ಜೀಪು ಓಡಿಸಿಕೊಂಡು ‘ಸತತ ಓಟ’ ನಡೆಸುವವರಿಗೆ ಈ ಶಿಸ್ತು ಇರುವುದಿಲ್ಲ. ಅದು ಮೆರವಣಿಗೆ, ಮಾಡಲಿ, ಬೇಡವೆನ್ನುವುದಿಲ್ಲ, ದಾಖಲೆ ಎನ್ನದಿದ್ದರೆ ಸಾಕು.

ಒಪ್ಪಲಾಗದ್ದು ಎರಡು ಇವೆ. ಒಂದು, ಒಂಟಿ ಓಟ ಎಂಬ ಹೆಮ್ಮೆ. ಓಡುವವನು ಒಬ್ಬನೇ ನಿಜ. ಉಪ್ಪು ಹಚ್ಚಿದ ಆಲೂಗಡ್ಡೆ ಕೈಗಿಡುವವರು, ನೀರಿನ ಲೆಕ್ಕ ಬರೆಯುವವರು, ‘ಏಳೋ ಮಾರಾಯಾ’ ಎಂದು ಗದರುವವರು ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾರೆ. ಪದಕದ ಸುದ್ದಿಯಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ಇನ್ನೊಂದು, ಎಲ್ಲವನ್ನೂ ಮನೋಬಲದ ಖಾತೆಗೆ ಹಾಕುವ ಚಟ. ಇದು ಅಪಾಯಕಾರಿ. ದೇಹ ಒಣಗಿರುವಾಗ ನೋವಿನ ಗುಳಿಗೆ ನುಂಗಿ ಓಡಿದರೆ ಮೂತ್ರಪಿಂಡಕ್ಕೆ ಪೆಟ್ಟು. ಹೆದರಿ ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಸಂಚಕಾರ. ಮನಸ್ಸು ಗಟ್ಟಿ ಮಾಡಿಕೊಂಡರೆ ಸೋಡಿಯಂ ಏರುವುದಿಲ್ಲ. 2018ರಲ್ಲಿ ತೈಪೆಯ ಏಷ್ಯಾ–ಓಷಿಯಾನಿಯಾ ಚಾಂಪಿಯನ್‌ಷಿಪ್‌ನಲ್ಲಿ 250.371 ಕಿ.ಮೀ. ಓಡಿ ಕಂಚು ಗೆದ್ದ ಬೆಂಗಳೂರಿನ ಉಲ್ಲಾಸ್ ನಾರಾಯಣ ಅವರ ಸಾಧನೆಯನ್ನು ಬರೀ ಛಲ ಎಂದು ಕರೆದರೆ, ಅದರ ಹಿಂದಿನ ವರ್ಷಗಟ್ಟಲೆಯ ತರಬೇತಿಗೆ ಅವಮಾನ.

ಪತ್ರಿಕೆಗಳು ಒಟ್ಟು ಮೊತ್ತದ ಜೊತೆ ತಾಸುವಾರು ಅಂಕಿಯನ್ನೂ ಅಚ್ಚು ಹಾಕಬೇಕು. ಯಾರು ಆರಂಭದಲ್ಲೇ ಉರಿದುಹೋದರು, ಯಾರು ಬೆಳಗಿನ ಜಾವ ಎದ್ದು ಬಂದರು ಎಂಬುದು ಅಲ್ಲಿದೆ. ಓದುಗನಿಗೆ ಆಟ ತಿಳಿಯುವುದೂ ಅಲ್ಲೇ. ಬೆಳಗಾವಿಯಲ್ಲಿ ಇಂಥ ಓಟ ಏರ್ಪಡಿಸಬೇಕೆನ್ನುವವರಿದ್ದರೆ ಆರು ತಾಸಿನದರಿಂದ ಶುರು ಮಾಡಲಿ. ಸುತ್ತು ಎಣಿಸುವವರನ್ನೂ ರಾತ್ರಿಪಾಳಿಯ ವೈದ್ಯರನ್ನೂ ಮೊದಲು ಗೊತ್ತು ಮಾಡಲಿ. ಟೀ ಶರ್ಟ್ ಆಮೇಲೆ ಅಚ್ಚಾದರೂ ನಡೆದೀತು.