ಹಗ್ಗ ಕಟ್ಟುವ ಠಾವು

ಕೆಸರಿನಲ್ಲಿ ಹೂತ ಜೀಪನ್ನು ಮೇಲಕ್ಕೆಳೆಯುವಾಗ ನೆರೆದವರ ದೃಷ್ಟಿಯೆಲ್ಲ ಚಕ್ರಗಳ ಮೇಲೆ ನೆಡುವುದು ವಾಡಿಕೆ. ನನ್ನ ದೃಷ್ಟಿಯಾದರೋ ಬಹುಕಾಲದ ಅಭ್ಯಾಸಬಲದಿಂದ, ಹಗ್ಗದ ತುದಿಯನ್ನು ಎಲ್ಲಿ ಸಿಕ್ಕಿಸಿದ್ದಾರೆಂಬುದರ ಕಡೆಗೇ ಮೊದಲು ಹರಿಯುತ್ತದೆ. ಸಕಲೇಶಪುರದ ಆಚೆಯ ಕಾಫಿತೋಟವೊಂದರ ಇಳಿಜಾರಿನಲ್ಲಿ, ಆಷಾಢದ ಮಳೆ ಹಿಡಿದಿದ್ದ ಒಂದು ಅಪರಾಹ್ನ, ನಮ್ಮ ಬಂಧುಗಳ ಜೀಪನ್ನು ಎಳೆಯಲು ಬಂದ ತರುಣನು ತನ್ನ ವಾಹನದ ಹಿಂಬದಿಯಲ್ಲಿ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ ಹಗ್ಗದ ಕುಣಿಕೆಯನ್ನು ತೊಡಿಸಿದುದನ್ನು ಕಂಡು, ನಾನು ಎರಡು ಕೈಗಳನ್ನೂ ಮೇಲೆತ್ತಿ ಕೂಗಿ ತಡೆದೆನು.

ಆ ಗುಂಡು ಟ್ರೇಲರಿನ ಸಮಗತಿಯ ಭಾರವನ್ನು ತಾಳಲು ನಿರ್ಮಿತವಾದುದೇ ಹೊರತು ಹಠಾತ್ತನೆ ಬೀಳುವ ಜಗ್ಗನ್ನು ಸಹಿಸಲು ಅಲ್ಲ. ಅದರ ಕತ್ತು ಮುರಿದುದೇ ಆದರೆ, ಹಿಗ್ಗಿದ ಹಗ್ಗದಲ್ಲಿ ಸಂಚಿತವಾದ ಶಕ್ತಿಯೆಲ್ಲವೂ ಅದನ್ನು ಕವಣೆಕಲ್ಲಿನಂತೆ ಎದುರಿನ ಗಾಜಿನತ್ತ ಎಸೆಯುವುದು. ಆಸ್ಟ್ರೇಲಿಯದಲ್ಲಿ ಈ ಬಗೆಯಿಂದಲೇ ಜನರು ಪ್ರಾಣ ಕಳೆದುಕೊಂಡಿದ್ದಾರೆ. 2 ಟನ್ ತೂಕದ ಜೀಪು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಮುನ್ನುಗ್ಗಿದರೆ, ಅದನ್ನು ಸುಮಾರು 40 ಸೆಂಟಿಮೀಟರ್ ಎತ್ತರದಿಂದ ಕೆಡವಿದಷ್ಟು ಶಕ್ತಿ ಹಗ್ಗಕ್ಕೆ ಸೇರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ.

ತರುಣನು ಗುಂಡನ್ನು ಕಳಚಿ, ಅದು ಕೂತಿದ್ದ ಚೌಕ ಕೊಳವೆಯೊಳಕ್ಕೆ ಹಗ್ಗವಾಗಿ ಬಳಸುತ್ತಿದ್ದ ಹಿಗ್ಗುವ ಪಟ್ಟಿಯ ಕುಣಿಕೆಯನ್ನು ತೂರಿಸಿ, ಅಡ್ಡಲಾಗಿ ಪಿನ್ನನ್ನು ಹಾಯಿಸಿದನು. ಇದು ಗುಂಡಿಗೆ ತೊಡಿಸುವುದಕ್ಕಿಂತ ಎಷ್ಟೋ ಸುರಕ್ಷಿತವಾದ ಕ್ರಮ. ಹೂತ ಜೀಪಿನ ಮುಂಭಾಗ ಇನ್ನಷ್ಟು ವಿಚಾರಕ್ಕೆ ಎಡೆಗೊಟ್ಟಿತು. ಬಂಪರಿನ ಕೆಳಗೆ ಕಾಣುತ್ತಿದ್ದ ತೆಳುವಾದ ಕೊಂಡಿಗಳು, ಲಾರಿಯಲ್ಲಿಯೋ ಹಡಗಿನಲ್ಲಿಯೋ ಸಾಗಿಸುವಾಗ ವಾಹನವನ್ನು ಬಿಗಿದಿಡುವುದಕ್ಕಾಗಿ ಇದ್ದವು. ಅವುಗಳನ್ನು ನಂಬಿ ಕೆಸರಿನಿಂದ ಎಳೆಯುವುದು ಸಲ್ಲದು. ತಿರುಪಿ ಕೂಡಿಸುವ ಕೊಂಡಿಯೂ ಕೆಟ್ಟುನಿಂತ ಕಾರನ್ನು ಸಮರಸ್ತೆಯಲ್ಲಿ ಒಯ್ಯುವುದಕ್ಕಷ್ಟೇ. ಪುಣ್ಯವಶಾತ್ ಚಾಸಿಯ ಎರಡು ತೊಲೆಗಳ ತುದಿಯಲ್ಲಿಯೂ, ತಲೆಯ ಮೇಲೆ ಗಟ್ಟಿತನದ ಗುರುತಾದ 8.8 ಎಂಬುದನ್ನು ಒತ್ತಿದ ಬೋಲ್ಟುಗಳಿಂದ ಬಿಗಿದ, ಭಾರದ ಪ್ರಮಾಣವನ್ನು ನಮೂದಿಸಿದ ದಪ್ಪನೆಯ ಕೊಕ್ಕೆಗಳಿದ್ದವು. ಭಾರವೆಲ್ಲ ಒಂದರ ಮೇಲೆಯೇ ಬೀಳದಂತೆ ಎರಡಕ್ಕೂ ಒಂದು ಪಟ್ಟಿಯನ್ನು ಹಾಯಿಸಿ, ಮಧ್ಯದ ಕೋನ ಕಿರಿದಾಗಿರುವಂತೆ ನೋಡಿಕೊಂಡು, 4.75 ಟನ್ ಎಂಬ ಅಚ್ಚಿದ್ದ ಶ್ಯಾಕಲ್ ಎಂಬ ಉಕ್ಕಿನ ಕೊಂಡಿಯಿಂದ ಹಿಗ್ಗುವ ನೈಲಾನ್ ಪಟ್ಟಿಗೆ ಜೋಡಿಸಿದೆವು. ಪಟ್ಟಿ ಸಾಲದೆಂದು ಎರಡನ್ನು ಶ್ಯಾಕಲ್ಲಿನಿಂದ ಗಂಟುಹಾಕುವವರುಂಟು. ತುಂಡಾದ ಪಟ್ಟಿಯೊಡನೆ ಆ ಉಕ್ಕೂ ಹಾರಿಬರುವುದಾದ್ದರಿಂದ ಅದು ಸರ್ವಥಾ ವರ್ಜ್ಯ. ನೋಡುತ್ತ ನಿಂತಿದ್ದ ಆಳುಗಳನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರಕ್ಕೆ, ಎಳೆತದ ನೇರದಿಂದ ಪಕ್ಕಕ್ಕೆ ಸರಿಸಿದ ಮೇಲೆ, ಜೀಪು ಎರಡನೆಯ ಜಗ್ಗಿಗೆ ಮೇಲೆ ಬಂದಿತು.

ಓದುಗ ಮಹಾಶಯರೇ, ಮುಂದಿನ ಮಳೆಗೆ ಮುನ್ನ ಒಂದು ಬೆಳಗ್ಗೆ ಗೋಣಿತಾಟು ಹಾಸಿಕೊಂಡು ನಿಮ್ಮ ವಾಹನದ ಅಡಿಗೆ ಮಲಗಿರಿ. ಹಗ್ಗ ಕಟ್ಟತಕ್ಕ ಠಾವು ಹಿಂದೆಯೂ ಮುಂದೆಯೂ ಎಲ್ಲಿದೆಯೆಂಬುದನ್ನು ಕಣ್ಣಾರೆ ಕಂಡುಕೊಳ್ಳಿರಿ. ಇಲ್ಲವೆಂದಾದರೆ ಅದನ್ನು ಕೂಡಿಸುವವರೆಗೆ ಕೆಸರಿಗೆ ಇಳಿಯಬೇಡಿರಿ.