ಒಂದೇ ಪೆಟ್ಟಿಗೆ, ಎರಡು ಅಳತೆಯ ಡ್ರೈವ್: ಇದು ಉಪಜ್ಞೆಯೆ?

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಕೆಲವು ವರ್ಷಗಳ ಹಿಂದೆ ಅದರ ಹಾರ್ಡ್ ಡಿಸ್ಕ್ ಕೆಟ್ಟಿತು. ಅದೇ ಅಳತೆಯ, ಎಂದರೆ 3.5 ಇಂಚಿನ ಡಿಸ್ಕ್ ಆಗ ನಮ್ಮಲ್ಲಿರಲಿಲ್ಲ. ಲ್ಯಾಪ್‌ಟಾಪಿನಿಂದ ಬಿಚ್ಚಿಟ್ಟ 2.5 ಇಂಚಿನದೊಂದು ಬೀರುವಿನಲ್ಲಿತ್ತು. ಪ್ರಯೋಗಾಲಯದ ಸಹಾಯಕರು ತಗಡಿನ ಪಟ್ಟಿಯೊಂದನ್ನು ಬಗ್ಗಿಸಿ, ನಾಲ್ಕು ತೂತು ಕೊರೆದು, ಸಣ್ಣ ಡಿಸ್ಕನ್ನು ದೊಡ್ಡದರ ಜಾಗದಲ್ಲಿ ಕೂರಿಸಿದರು. ಅರ್ಧ ಗಂಟೆಯ ಕೆಲಸ. ಅದನ್ನು ಅವರು ಉಪಜ್ಞೆ ಎನ್ನಲಿಲ್ಲ, ನಾವೂ ಎನ್ನಲಿಲ್ಲ.

ಈಗ ಇದೇ ಕೆಲಸವನ್ನು ಪೇಟೆಂಟ್ ಅರ್ಜಿಯ ಭಾಷೆಯಲ್ಲಿ ಬರೆದು ನೋಡೋಣ. ಇದು ಯಾವ ಕಂಪೆನಿಯ ಅರ್ಜಿಯೂ ಅಲ್ಲ; ಅಂಥ ಅರ್ಜಿಗಳ ಧಾಟಿಯಲ್ಲಿ ನಾನೇ ಬರೆದ ಮಾದರಿ: “ಹೊರಕವಚವೊಂದನ್ನೂ, ಸದರಿ ಕವಚದೊಳಗೆ ಪ್ರಥಮ ಪರಿಮಾಣದ ಸಂಗ್ರಹ ಸಾಧನವನ್ನು ಸ್ವೀಕರಿಸುವಂತೆ ಅಳವಡಿಸಲ್ಪಟ್ಟ ಪ್ರಥಮ ಕೋಷ್ಠಗಳನ್ನೂ, ಪ್ರಥಮ ಪರಿಮಾಣಕ್ಕಿಂತ ಭಿನ್ನವಾದ ದ್ವಿತೀಯ ಪರಿಮಾಣದ ಸಾಧನವನ್ನು ಸ್ವೀಕರಿಸುವಂತೆ ಅಳವಡಿಸಲ್ಪಟ್ಟ ದ್ವಿತೀಯ ಕೋಷ್ಠಗಳನ್ನೂ ಒಳಗೊಂಡ ಸರ್ವರ್ ಚೌಕಟ್ಟು.” ಓದುವಾಗ ಏನೋ ಘನವಾದದ್ದು ಇದೆ ಎನಿಸುತ್ತದೆ. ಅರ್ಥ ಮಾತ್ರ ಇಷ್ಟೆ: ದೊಡ್ಡ ಡ್ರೈವಿಗೂ ಸಣ್ಣ ಡ್ರೈವಿಗೂ ಜಾಗವಿರುವ ಪೆಟ್ಟಿಗೆ.

ಇಂಥದಕ್ಕೆ ಪೇಟೆಂಟ್ ಕೊಡಬೇಕೆ? ಇದು ವಕೀಲರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಪೇಟೆಂಟ್ ಎಂದರೆ 20 ವರ್ಷಗಳ ಏಕಸ್ವಾಮ್ಯ. ಆ ಅವಧಿಯಲ್ಲಿ ಬೇರೆಯವರು ಅದೇ ಉಪಾಯವನ್ನು ತಾವಾಗಿಯೇ ಕಂಡುಕೊಂಡರೂ ಅನುಮತಿಯಿಲ್ಲದೆ ಬಳಸುವಂತಿಲ್ಲ. ಹೀಗಿರುವಾಗ, ಕಸುಬು ಬಲ್ಲವರೆಲ್ಲ ನಾಳೆ ಬೆಳಗ್ಗೆ ಮಾಡಬಹುದಾದ ಕೆಲಸವನ್ನು ಒಬ್ಬರ ಸ್ವತ್ತು ಮಾಡಿದರೆ ಸಣ್ಣ ತಯಾರಕನಿಗೆ ಅನ್ಯಾಯ. ನಿಜವಾಗಿ ಹೊಸದನ್ನು ಕಂಡವನಿಗೆ ‘ಇದೇನು ಮಹಾ’ ಎಂದು ಪೇಟೆಂಟ್ ನಿರಾಕರಿಸುವುದೂ ಅಷ್ಟೇ ಅನ್ಯಾಯ. ಎರಡನ್ನೂ ತಪ್ಪಿಸುವ ಅಳತೆಗೋಲಿಗೆ ಕಾನೂನಿನಲ್ಲಿರುವ ಹೆಸರು ‘ಸುವ್ಯಕ್ತವಲ್ಲದಿರುವುದು’. ಆ ಕ್ಷೇತ್ರದ ಸಾಮಾನ್ಯ ಪರಿಣತನಿಗೆ, ಅರ್ಜಿಯ ದಿನಾಂಕದವರೆಗಿನ ಜ್ಞಾನದ ಬೆಳಕಿನಲ್ಲಿ, ಸಹಜವಾಗಿ ಹೊಳೆಯುವಂಥದು ಸುವ್ಯಕ್ತ. ಅದಕ್ಕೆ ಪೇಟೆಂಟ್ ಸಲ್ಲದು. ಈ ಅಳತೆಗೋಲು ಹೇಗೆ ಬಳಕೆಯಾಗಿದೆ, ಎಲ್ಲಿ ಸೋತಿದೆ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಮೊದಲು ಲೆಕ್ಕ

ಸರ್ವರ್ ಪೆಟ್ಟಿಗೆಗಳನ್ನು ಜೋಡಿಸುವ ರ್‍ಯಾಕಿನ ಅಗಲ 19 ಇಂಚು, ಎಂದರೆ 482.6 ಮಿಮೀ. ಅದರ ಕಂಬಗಳ ನಡುವೆ ಸಿಗುವ ಜಾಗ ಸುಮಾರು 450 ಮಿಮೀ. ಎತ್ತರವನ್ನು ‘ಯು’ ಎಂಬ ಏಕಮಾನದಲ್ಲಿ ಅಳೆಯುತ್ತಾರೆ. 1 ಯು ಎಂದರೆ 44.45 ಮಿಮೀ. 3.5 ಇಂಚಿನ ಡ್ರೈವಿನ ಅಗಲ 101.6 ಮಿಮೀ, ದಪ್ಪ ಸುಮಾರು 26 ಮಿಮೀ. 2.5 ಇಂಚಿನದರ ಅಗಲ ಸುಮಾರು 70 ಮಿಮೀ. ಸರ್ವರ್‌ಗಳಲ್ಲಿ ಬಳಸುವ ದಪ್ಪನೆಯ ಬಗೆಯದು 15 ಮಿಮೀ. ಇವು ಯಾರ ಗುಟ್ಟೂ ಅಲ್ಲ. ಎಲ್ಲ ತಯಾರಕರೂ ಪಾಲಿಸುವ ಮಾನಕ ಅಳತೆಗಳು.

2 ಯು ಎತ್ತರದ, ಎಂದರೆ 88.9 ಮಿಮೀ ಎತ್ತರದ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ದೊಡ್ಡ ಡ್ರೈವ್‌ಗಳನ್ನು ಮಲಗಿಸಿದರೆ ಅಡ್ಡಕ್ಕೆ 4 (406.4 ಮಿಮೀ), ಒಂದರ ಮೇಲೊಂದು 3 (78 ಮಿಮೀ), ಒಟ್ಟು 12 ಹಿಡಿಸುತ್ತವೆ. ಸಣ್ಣವನ್ನು ಅಂಚಿನ ಮೇಲೆ ನಿಲ್ಲಿಸಿದರೆ 24 ಹಿಡಿಸುತ್ತವೆ (360 ಮಿಮೀ). ಉಳಿದ ಜಾಗ ಕ್ಯಾರಿಯರ್‌ಗಳಿಗೆ ಸಾಕು. ಅರ್ಧಂಬರ್ಧ ಬೇಕೆ? ದೊಡ್ಡವುಗಳ ಎರಡು ಕಂಬಸಾಲುಗಳಿಗೆ 203 ಮಿಮೀ ಹೋದರೆ, ಉಳಿದ 247 ಮಿಮೀಯಲ್ಲಿ 12 ಸಣ್ಣವು (180 ಮಿಮೀ) ಆರಾಮವಾಗಿ ಕೂರುತ್ತವೆ. ಪಿ.ಯು.ಸಿ. ವಿದ್ಯಾರ್ಥಿಯೂ ಈ ಲೆಕ್ಕ ಮಾಡಬಲ್ಲ.

ವಿದ್ಯುತ್ ಸಂಪರ್ಕದಲ್ಲಿ ಏನಾದರೂ ತೊಡಕಿತ್ತೆ? ಅದೂ ಇರಲಿಲ್ಲ. 2003ರ ಸುಮಾರಿಗೆ ಬಳಕೆಗೆ ಬಂದ ‘ಸಾಟಾ’ ಮಾನಕದಲ್ಲಿ ದೊಡ್ಡ ಡ್ರೈವಿಗೂ ಸಣ್ಣ ಡ್ರೈವಿಗೂ ಒಂದೇ ಆಕಾರದ ಕನೆಕ್ಟರ್: ದತ್ತಾಂಶಕ್ಕೆ 7 ಸಂಪರ್ಕಗಳು, ವಿದ್ಯುತ್ತಿಗೆ 15. ದೊಡ್ಡದಕ್ಕೆ ಬೇಕಾದ 12 ವೋಲ್ಟ್, ಸಣ್ಣದಕ್ಕೆ ಸಾಮಾನ್ಯವಾಗಿ ಸಾಕಾಗುವ 5 ವೋಲ್ಟ್ ಎರಡೂ ಅದರಲ್ಲೇ ಬರುತ್ತವೆ. ಇನ್ನೂ ಹಿಂದೆ ಹೋದರೆ, 5.25 ಇಂಚಿನ ಜಾಗದಲ್ಲಿ ಚೌಕಟ್ಟು ಹಾಕಿ 3.5 ಇಂಚಿನ ಡ್ರೈವ್ ಕೂರಿಸುವುದು ಫ್ಲಾಪಿ ಕಾಲದ ಕಂಪ್ಯೂಟರುಗಳಲ್ಲೇ ರೂಢಿಯಲ್ಲಿತ್ತು. 2.5 ಇಂಚಿನ ಡ್ರೈವ್‌ಗಳು ಲ್ಯಾಪ್‌ಟಾಪ್ ಬಿಟ್ಟು ಸರ್ವರ್‌ಗಳಿಗೂ ಬಂದದ್ದು 2004ರ ವೇಳೆಗೆ. ಹೊಸ ಅಳತೆ ಬಂದಾಗ ಹಳೆಯದರ ಜೊತೆ ಅದಕ್ಕೂ ಜಾಗ ಮಾಡಿಕೊಡುವುದು ಯಾರಿಗಾದರೂ ತೋಚುವ ಮುಂದಿನ ಹೆಜ್ಜೆ.

ಬರೆದಿಟ್ಟದ್ದು ಮಾತ್ರ ಜ್ಞಾನವೆ?

ಹಾಗಾದರೆ ಇಂಥ ಅರ್ಜಿಯನ್ನು ತಿರಸ್ಕರಿಸುವುದು ಸುಲಭವಾಗಿರಬೇಕಲ್ಲವೆ? ಈ ಚರ್ಚೆ ಹೆಚ್ಚು ನಡೆದಿರುವ ಅಮೆರಿಕದಲ್ಲಿ ಬಹುಕಾಲ ಹಾಗಿರಲಿಲ್ಲ.

ಅಲ್ಲಿನ ಸುಪ್ರೀಂ ಕೋರ್ಟ್ 1851ರಲ್ಲಿಯೇ, ಬಾಗಿಲ ಹಿಡಿಯನ್ನು ಮರ ಅಥವಾ ಲೋಹದ ಬದಲು ಜೇಡಿಮಣ್ಣು ಇಲ್ಲವೆ ಪಿಂಗಾಣಿಯಲ್ಲಿ ಮಾಡಿದ್ದಕ್ಕೆ ಪೇಟೆಂಟ್ ಸಲ್ಲದೆಂದು ಹಾಚ್ಕಿಸ್ ಮೊಕದ್ದಮೆಯಲ್ಲಿ ಹೇಳಿತ್ತು. ಅದು ನುರಿತ ಕೆಲಸಗಾರನ ಕೈಚಳಕವೇ ಹೊರತು ಉಪಜ್ಞೆಯಲ್ಲ ಎಂಬುದು ತೀರ್ಪಿನ ಸಾರ. 1952ರಲ್ಲಿ ಈ ತತ್ತ್ವ ಶಾಸನಕ್ಕೆ ಸೇರಿತು. 1966ರ ಗ್ರಹಾಂ ಮೊಕದ್ದಮೆಯಲ್ಲಿ, ಕಲ್ಲುನೆಲದಲ್ಲಿ ಉಳುವ ನೇಗಿಲಿನ ಕೊಂಡಿಯ ವಿಚಾರವಾಗಿ, ನ್ಯಾಯಾಲಯ ಪರೀಕ್ಷೆಯ ಕ್ರಮವನ್ನು ವಿಧಿಸಿತು: ಹಿಂದಿನ ಜ್ಞಾನ ಏನಿತ್ತು, ಅದಕ್ಕೂ ಹೊಸದಕ್ಕೂ ವ್ಯತ್ಯಾಸವೇನು, ಆ ಕ್ಷೇತ್ರದ ಸಾಮಾನ್ಯ ಪರಿಣತನ ಮಟ್ಟವೇನು. ಜೊತೆಗೆ, ಬಹುದಿನಗಳಿಂದ ನೀಗದ ಕೊರತೆಯನ್ನು ಅದು ನೀಗಿತೆ, ಬೇರೆಯವರು ಪ್ರಯತ್ನಿಸಿ ಸೋತಿದ್ದರೆ ಎಂಬುದನ್ನೂ ಗಮನಿಸಬಹುದು.

ಆದರೆ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಅಲ್ಲಿನ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಕಾಲಕ್ರಮದಲ್ಲಿ ಒಂದು ಬಿಗಿಯಾದ ಕಟ್ಟಳೆಯನ್ನು ರೂಢಿಸಿಕೊಂಡಿತು. ಎರಡು ಹಳೆಯ ಅಂಶಗಳನ್ನು ಸೇರಿಸುವುದು ಸುವ್ಯಕ್ತ ಎನ್ನಬೇಕಾದರೆ, ಹಾಗೆ ಸೇರಿಸಲು ಹಿಂದಿನ ಜ್ಞಾನದಲ್ಲಿ ಬೋಧನೆ, ಸೂಚನೆ ಅಥವಾ ಪ್ರೇರಣೆ ಇತ್ತೆಂದು ತೋರಿಸಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಯೋಚಿಸಿ: ತೀರ ಸುವ್ಯಕ್ತವಾದದ್ದನ್ನು ಯಾರು ಬರೆದಿಡುತ್ತಾರೆ? ‘ಸಣ್ಣ ಡ್ರೈವನ್ನು ತಗಡು ಬಗ್ಗಿಸಿ ಕೂರಿಸಬಹುದು’ ಎಂದು ಸಂಶೋಧನ ಪತ್ರಿಕೆಗೆ ಲೇಖನ ಕಳಿಸಿದರೆ ಸಂಪಾದಕರು ನಕ್ಕು ವಾಪಸು ಕಳಿಸುತ್ತಾರೆ. ಹೀಗೆ, ಒಂದು ವಿಷಯ ಹೆಚ್ಚು ಸುವ್ಯಕ್ತವಾದಷ್ಟೂ ಅದಕ್ಕೆ ಲಿಖಿತ ಸಾಕ್ಷಿ ಕಡಿಮೆ, ಸಾಕ್ಷಿ ಕಡಿಮೆಯಾದಷ್ಟೂ ಪೇಟೆಂಟ್ ಸಲೀಸು ಎಂಬ ವಿಪರೀತ ಸ್ಥಿತಿ ಉಂಟಾಯಿತು.

2007ರ ಏಪ್ರಿಲ್ 30ರಂದು ಕೆಎಸ್‌ಆರ್ ಮತ್ತು ಟೆಲಿಫ್ಲೆಕ್ಸ್ ಕಂಪೆನಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಈ ಬಿಗಿಯನ್ನು ಸಡಿಲಿಸಿತು. ವಿಷಯ ಕಾರಿನ ಆಕ್ಸಿಲರೇಟರ್ ಪೆಡಲ್. ಚಾಲಕನ ಎತ್ತರಕ್ಕೆ ತಕ್ಕಂತೆ ಸರಿಸಬಹುದಾದ ಪೆಡಲ್ ಹಿಂದೆಯೇ ಇತ್ತು. ಪೆಡಲಿನ ಸ್ಥಾನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಂವೇದಕವೂ ಇತ್ತು. ಎರಡನೆಯದನ್ನು ಮೊದಲನೆಯದರ ತಿರುಗುಗೂಟಕ್ಕೆ ಜೋಡಿಸಿದ್ದು ಪೇಟೆಂಟ್. ಹಳೆಯ ಪೆಡಲನ್ನು ಬೇರೊಂದು ಸಮಸ್ಯೆಗಾಗಿ ಮಾಡಲಾಗಿತ್ತು, ಆದ್ದರಿಂದ ಎಂಜಿನಿಯರ್ ಅದರತ್ತ ನೋಡುತ್ತಿರಲಿಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಪರಿಚಿತ ವಸ್ತುವನ್ನು ಮೂಲ ಉದ್ದೇಶದಾಚೆಗೂ ಬಳಸುವಷ್ಟು ಸಾಮಾನ್ಯ ಬುದ್ಧಿ ಪರಿಣತನಿಗಿರುತ್ತದೆ. ಅವನು ಯಂತ್ರಮಾನವನಲ್ಲ ಎಂದಿತು. ತಿಳಿದ ಅಂಶಗಳನ್ನು ತಿಳಿದ ರೀತಿಯಲ್ಲಿ ಸೇರಿಸಿ, ಮೊದಲೇ ಊಹಿಸಬಹುದಾದ ಫಲ ಪಡೆದರೆ ಅದು ಬಹುಮಟ್ಟಿಗೆ ಸುವ್ಯಕ್ತ. ನಮ್ಮ ಪೆಟ್ಟಿಗೆಗೆ ಈ ಮಾತು ಅಳತೆ ತೆಗೆದು ಹೊಲಿದಂತಿದೆ.

ಕಪ್ಪುಹಲಗೆಯ ಮೇಲಿನ ಉತ್ತರ

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಏಕಪಕ್ಷೀಯವಾಗುತ್ತದೆ. ಅಧ್ಯಾಪಕರಿಗೆಲ್ಲ ಒಂದು ಅನುಭವವಿದೆ. ಕಷ್ಟದ ಲೆಕ್ಕವೊಂದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದೊಡನೆ ಹಿಂದಿನ ಬೆಂಚಿನಿಂದ ‘ಓ, ಇಷ್ಟೇನಾ ಸಾರ್’ ಎಂಬ ದನಿ ಬರುತ್ತದೆ. ಅದೇ ಲೆಕ್ಕ ಪರೀಕ್ಷೆಯಲ್ಲಿ ಬಂದಾಗ ಹಾಳೆ ಖಾಲಿ. ಉತ್ತರ ಕಂಡ ಮೇಲೆ ದಾರಿ ಸರಳವೆನಿಸುವುದು ಮನಸ್ಸಿನ ಸ್ವಭಾವ. ಪೇಟೆಂಟ್ ಪರೀಕ್ಷಕನೂ ಉತ್ತರ ನೋಡಿದ ಮೇಲೆಯೇ ತೀರ್ಪು ಕೊಡುವವನು. ಫೆಡರಲ್ ಸರ್ಕ್ಯೂಟಿನ ಬಿಗಿ ಕಟ್ಟಳೆ ಈ ದೋಷಕ್ಕೆ ಮದ್ದಾಗಿತ್ತು ಎಂಬುದನ್ನು ಒಪ್ಪಬೇಕು. ಎಲ್ಲ ಉಪಜ್ಞೆಗಳೂ ಹಳೆಯ ಅಂಶಗಳಿಂದಲೇ ಆದವು ಎಂಬುದನ್ನು ಕೆಎಸ್‌ಆರ್ ತೀರ್ಪೂ ನೆನಪಿಸಿತು.

ಒಳ್ಳೆಯ ಪ್ರತ್ಯುದಾಹರಣೆ ಆ್ಯಡಮ್ಸ್ ಅವರ ಬ್ಯಾಟರಿ. ಮೆಗ್ನೀಸಿಯಮ್ ಒಂದು ಧ್ರುವ, ಕ್ಯುಪ್ರಸ್ ಕ್ಲೋರೈಡ್ ಇನ್ನೊಂದು. ಒಣಗಿದ ಸ್ಥಿತಿಯಲ್ಲಿ ಎಷ್ಟು ದಿನವಾದರೂ ಇಡಬಹುದು. ನೀರು ಹಾಕಿದರೆ ಚಾಲೂ. ಎರಡೂ ಪದಾರ್ಥಗಳು ಬ್ಯಾಟರಿಗಳಲ್ಲಿ ಬೇರೆಬೇರೆಯಾಗಿ ಬಳಕೆಯಾಗಿದ್ದವು. ಆದರೂ 1940ರ ದಶಕದ ಆರಂಭದಲ್ಲಿ ಅದನ್ನು ಅಮೆರಿಕದ ಸೇನೆಗೆ ತೋರಿಸಿದಾಗ ತಜ್ಞರು ಮೊದಲು ನಂಬಲಿಲ್ಲ. ಆಮೇಲೆ ಸರ್ಕಾರವೇ ಅದನ್ನು ಬಳಸಿತು, ಮೊಕದ್ದಮೆಯಾದಾಗ ಸುವ್ಯಕ್ತ ಎಂದು ವಾದಿಸಿತು. ಗ್ರಹಾಂ ತೀರ್ಪು ಹೊರಬಿದ್ದ ದಿನವೇ, 1966ರ ಫೆಬ್ರವರಿ 21ರಂದು, ನ್ಯಾಯಾಲಯ ಆ್ಯಡಮ್ಸ್ ಪೇಟೆಂಟನ್ನು ಎತ್ತಿಹಿಡಿಯಿತು. ಅಂಶಗಳು ಹಳೆಯವಾದರೂ ಫಲ ಯಾರೂ ನಿರೀಕ್ಷಿಸದಿದ್ದದ್ದು.

ಅಧ್ಯಾರೋಪಣದ ಪರೀಕ್ಷೆ

ಪೆಟ್ಟಿಗೆಗೂ ಬ್ಯಾಟರಿಗೂ ಇರುವ ವ್ಯತ್ಯಾಸವನ್ನು ಭೌತಶಾಸ್ತ್ರದ ಭಾಷೆಯಲ್ಲಿ ಹೇಳಬಹುದು. ಅಲೆಗಳ ಪಾಠದಲ್ಲಿ ಅಧ್ಯಾರೋಪಣ ತತ್ತ್ವ ಬರುತ್ತದೆ: ಎರಡು ಪ್ರಭಾವಗಳ ಒಟ್ಟು ಫಲ ಅವುಗಳ ಬಿಡಿ ಫಲಗಳ ಮೊತ್ತ. ನಮ್ಮ ಪೆಟ್ಟಿಗೆಯಲ್ಲಿ ದೊಡ್ಡ ಡ್ರೈವ್ ತನ್ನ ಪಾಡಿಗೆ, ಸಣ್ಣದು ತನ್ನ ಪಾಡಿಗೆ ದತ್ತಾಂಶ ಇಟ್ಟುಕೊಳ್ಳುತ್ತವೆ. ಒಟ್ಟು ಫಲ ಬರಿಯ ಮೊತ್ತ. ಬ್ಯಾಟರಿಯಲ್ಲಿ ಹಾಗಲ್ಲ, ಅಂಶಗಳ ನಡುವಿನ ಅಂತರಕ್ರಿಯೆಯೇ ಅದರ ಜೀವ.

ಗಮನಾರ್ಹವೆಂದರೆ ನಮ್ಮ ದೇಶದ ಪೇಟೆಂಟ್ ಕಾಯಿದೆ (1970) ಇದನ್ನೇ ಹೇಳುತ್ತದೆ. ತಂತಮ್ಮ ಪಾಡಿಗೆ, ತಿಳಿದಿರುವ ರೀತಿಯಲ್ಲೇ ಕೆಲಸ ಮಾಡುವ ಪರಿಚಿತ ಸಾಧನಗಳ ಬರಿಯ ಜೋಡಣೆ, ಮರುಜೋಡಣೆ ಅಥವಾ ಪುನರಾವರ್ತನೆ ಉಪಜ್ಞೆಯಲ್ಲ ಎನ್ನುತ್ತದೆ ಅದರ 3(ಎಫ್) ಸೆಕ್ಷನ್. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ಮೊಕದ್ದಮೆಯಲ್ಲಿ, ಲೇತಿನ ಮೇಲೆ ಪಾತ್ರೆಗಳನ್ನು ಹಿಡಿದಿಡುವ ಸಾಧನವೊಂದರ ಪೇಟೆಂಟನ್ನು ರದ್ದುಗೊಳಿಸುತ್ತ, ಸುಧಾರಣೆಯು ಕಾರ್ಯಾಗಾರದ ಮಾಮೂಲು ಸುಧಾರಣೆಗಿಂತ ಹೆಚ್ಚಿನದಾಗಿರಬೇಕು ಎಂದಿತು. ನಮ್ಮ ಸಹಾಯಕರ ತಗಡಿನ ಪಟ್ಟಿ ಅಚ್ಚುಕಟ್ಟಾದ ಕಾರ್ಯಾಗಾರದ ಸುಧಾರಣೆ.

ಹಾಗಾದರೆ ಡ್ರೈವ್ ಪೆಟ್ಟಿಗೆಯಲ್ಲಿ ಉಪಜ್ಞೆಗೆ ಅವಕಾಶವೇ ಇಲ್ಲವೆ? ಇದೆ, ಅದು ಅಂತರಕ್ರಿಯೆ ಇರುವ ಕಡೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಪೆಟ್ಟಿಗೆಯನ್ನು 120 ಹರ್ಟ್ಸ್ ಆವೃತ್ತಿಯಲ್ಲಿ ನಡುಗಿಸುತ್ತದೆ. ಮೆತ್ತನೆಯ ಹಿಡಿಕೆಯ ಮೇಲೆ ಕೂತ ಡ್ರೈವಿನ ಸಹಜ ಆವೃತ್ತಿ ಅದರ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿದೆ. ದೊಡ್ಡ ಡ್ರೈವ್ ಕೂತಾಗ ಅದು 60 ಹರ್ಟ್ಸ್ ಇತ್ತೆಂದು ಭಾವಿಸಿ. ಅಲ್ಲಿ ಕಾಲು ಭಾಗದಷ್ಟೇ ದ್ರವ್ಯರಾಶಿಯ ಸಣ್ಣ ಡ್ರೈವ್ ಕೂರಿಸಿದರೆ ಆವೃತ್ತಿ ಇಮ್ಮಡಿಯಾಗಿ 120 ಹರ್ಟ್ಸ್ ಆಗುತ್ತದೆ. ಪಕ್ಕದ ಡಿಸ್ಕಿನ ನಡುಕಕ್ಕೆ ಸರಿಯಾಗಿ ಅನುರಣನೆ! ಗಾಳಿಯದೂ ಇದೇ ಕಥೆ: ಸಣ್ಣ ಡ್ರೈವಿನ ಸುತ್ತ ಉಳಿದ ಸಂದಿಯಲ್ಲಿ ಫ್ಯಾನಿನ ಗಾಳಿ ನುಗ್ಗಿಹೋಗಿ, ಪಕ್ಕದ ದೊಡ್ಡದು ಬಿಸಿಯೇರುತ್ತದೆ. ಈ ತೊಡಕುಗಳನ್ನು ಯಾರೂ ಊಹಿಸದ ರೀತಿಯಲ್ಲಿ ಬಿಡಿಸಿದವನು ಪೇಟೆಂಟ್ ಕೇಳಲಿ. ಆದರೆ ಆ ಪರಿಹಾರಕ್ಕೆ ಮಾತ್ರ ಕೇಳಲಿ. ಇಡೀ ಪೆಟ್ಟಿಗೆಗೆ ಬೇಲಿ ಹಾಕದಿರಲಿ. ರಬ್ಬರ್ ಬಿಲ್ಲೆ ಹಾಕಿದೆ, ಸಂದಿ ಮುಚ್ಚಿದೆ ಎಂದಷ್ಟೇ ಹೇಳಿದರೆ ಅದೂ ಸಾಲದು; ಅವು ಎಂಜಿನಿಯರರಿಗೆ ಗೊತ್ತಿರುವ ಉಪಾಯಗಳೇ.

ಅಧ್ಯಾರೋಪಣದ ಪರೀಕ್ಷೆಗೂ ಮಿತಿಯಿದೆ. ಬರಿಯ ಮೊತ್ತವೆನಿಸುವ ಜೋಡಣೆಯೂ ಕೆಲವೊಮ್ಮೆ ದಶಕಗಳ ಕಾಲ ಯಾರಿಗೂ ಹೊಳೆಯದೆ ಇರಬಹುದು. ಆಗ ಇತಿಹಾಸವನ್ನು ನೋಡಬೇಕು: ಬೇಕಾದ ಅಂಶಗಳೆಲ್ಲ ಕೈಯಲ್ಲಿದ್ದು, ಕೊರತೆಯೂ ಕಣ್ಣೆದುರಿಗಿದ್ದು, ಎಷ್ಟು ಕಾಲ ಜನ ಸುಮ್ಮನಿದ್ದರು?

ನಮ್ಮ ಕಾಯಿದೆಯ ಬಗ್ಗೆ ಒಂದು ಆಕ್ಷೇಪವನ್ನೂ ಹೇಳಬೇಕು. ಉಪಜ್ಞೆಯ ಹೆಜ್ಜೆಯನ್ನು ವಿವರಿಸುವಾಗ ಅದು ತಾಂತ್ರಿಕ ಪ್ರಗತಿ ಅಥವಾ ಆರ್ಥಿಕ ಮಹತ್ತ್ವ, ಇಲ್ಲವೆ ಎರಡೂ ಎನ್ನುತ್ತದೆ. ಸುವ್ಯಕ್ತವಾಗಿರಬಾರದು ಎಂಬ ಷರತ್ತು ಜೊತೆಗಿದೆ, ನಿಜ. ಆದರೂ ಈ ‘ಅಥವಾ’ ಗೊಂದಲಕ್ಕೆ ಎಡೆಮಾಡುತ್ತದೆ. ಎರಡು ಅಳತೆಯ ಪೆಟ್ಟಿಗೆಯಿಂದ ಖರ್ಚು ಉಳಿಯಬಹುದು, ಮಾರಾಟ ಭರ್ಜರಿಯಾಗಬಹುದು. ಬೆಲೆಬಾಳುವುದೆಲ್ಲ ಹೊಸ ಜ್ಞಾನವಲ್ಲ.

ಅಧ್ಯಾಪಕರು ಇದನ್ನು ತರಗತಿಯ ಚಟುವಟಿಕೆಯಾಗಿ ಮಾಡಿ ನೋಡಬಹುದು. ಪೇಟೆಂಟ್ ಕಛೇರಿ ಪ್ರಕಟಿಸುವ ಅರ್ಜಿಯೊಂದನ್ನು ಆರಿಸಿ, ಅದರ ಮೊದಲ ಹಕ್ಕುಕೋರಿಕೆಯನ್ನು ವಿದ್ಯಾರ್ಥಿಗಳಿಂದ ಸರಳ ಕನ್ನಡದಲ್ಲಿ ಒಂದೇ ವಾಕ್ಯಕ್ಕೆ ಇಳಿಸಿ. ಪರಿಹಾರವನ್ನು ಮರೆಮಾಡಿ, ಸಮಸ್ಯೆಯನ್ನಷ್ಟೇ ಇನ್ನೊಂದು ತರಗತಿಗೆ ಕೊಡಿ. ಹತ್ತರಲ್ಲಿ ಎಂಟು ಮಂದಿ ಅದೇ ಉತ್ತರ ತಂದರೆ ಅನುಮಾನ ಪಡಲು ಕಾರಣವಿದೆ. ನಮ್ಮ ಕಾಯಿದೆಯ 25ನೆಯ ಸೆಕ್ಷನ್ ಪ್ರಕಾರ, ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ದೊರೆಯುವ ಮುನ್ನ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. 2024ರ ನಿಯಮ ತಿದ್ದುಪಡಿಯ ನಂತರ ಅದಕ್ಕೆ ಶುಲ್ಕವುಂಟು, ಆಕ್ಷೇಪಣೆ ಪರಿಗಣನೆಗೆ ಅರ್ಹವೆ ಎಂಬ ಪರಿಶೀಲನೆಯೂ ಉಂಟು. ಆದರೂ ಬಾಗಿಲು ಮುಚ್ಚಿಲ್ಲ. ‘ಯಾರು ಬೇಕಾದರೂ’ ಎಂಬುದರಲ್ಲಿ ಅಧ್ಯಾಪಕರೂ ಸೇರಿದ್ದಾರೆ, ಪ್ರಯೋಗಾಲಯದ ಸಹಾಯಕರೂ ಸೇರಿದ್ದಾರೆ.

ಅವರು ಕೂರಿಸಿದ ಆ ಸಣ್ಣ ಡಿಸ್ಕ್ ಇಂದಿಗೂ ಕೆಲಸ ಮಾಡುತ್ತಿದೆ.